ಆರನೇ ಪ್ರಶ್ನೆ

ಕಪಾಟಿನ ಕೆಳಗಿನ ಖಾನೆ ಯಾವತ್ತೂ ಸಲೀಸಾಗಿ ತೆರೆದದ್ದಲ್ಲ.
ಮೊಣಕಾಲು ಊರಿ ಎಳೆಯಬೇಕು.
ಎಳೆದೆ. ಅರವತ್ತಾರರ ಬೇಸಿಗೆ ಹೊರಬಂತು
ಇಲಿ ಕಡಿದ ಅಂಚಿನ ಸಮೇತ.

ಮೇಲಿನ ಹಾಳೆ ನನ್ನದೇ:
ಒಜೆಲ್ಲಾ ಪೆಟಿಫೋರ್ಡ್, ಹದಿನಾರು ವರ್ಷ, ಆರ್ಕನ್ಸಾ ರಾಜ್ಯ,
ಮನೆಯ ವಾರ್ಷಿಕ ಆದಾಯ
ಒಂಬೈನೂರು ಡಾಲರ್, ಹಂದಿ ಮಾರಿದ್ದೂ ಸೇರಿ.
ಕೆಳಗೆ ಅಮ್ಮನ ಸಹಿ. ಸಹಿಯೆಂದರೆ
ಒಂದನ್ನೊಂದು ಕತ್ತರಿಸುವ ಎರಡು ಗೀಟು,
ತಪ್ಪು ಉತ್ತರದ ಪಕ್ಕ ಮೇಷ್ಟ್ರು ಹಾಕುವ ಗುರುತು.
ಅದೇ ಅವಳ ಹೆಸರು.

ಅಪ್ಪ ನಂಬಲಿಲ್ಲ.
ಸರ್ಕಾರ ನಮ್ಮ ಬಾಗಿಲಿಗೆ ಬಂದದ್ದು ಒಂದೇ ಸಲ,
ಅಣ್ಣನನ್ನು ವಿಯೆಟ್ನಾಮಿಗೆ ಕರೆಯಲು.
ಈಗ ನನ್ನನ್ನು ಓದಿಸುತ್ತದಂತೆ, ಊಟ ಹಾಕುತ್ತದಂತೆ,
ಮೇಲೆ ಕೈಗೆ ತಿಂಗಳಿಗಿಷ್ಟು ಚಿಲ್ಲರೆ ಬೇರೆ.
"ಬಡತನದ ಮೇಲೆ ಯುದ್ಧ ಅಂತ ರೇಡಿಯೊ ಹೇಳುತ್ತಿದೆ.
ಯುದ್ಧದಲ್ಲಿ ಸಾಯೋದು ಬಡವರೇ ತಾನೆ?" ಎಂದ.
ಆದರೂ ಎರವಲು ಟ್ರಕ್ಕಿನಲ್ಲಿ ತಾನೇ ಬಿಟ್ಟುಬಂದ.

ಆರು ವಾರ. ಒಬ್ಬಳಿಗೇ ಒಂದು ಮಂಚ.
ಮೊದಲ ರಾತ್ರಿ ತಂಗಿಯರ ಕಾಲು ತಾಗದೆ ನಿದ್ದೆ ಬರಲಿಲ್ಲ.
ಬೆಳಿಗ್ಗೆ ಬೀಜಗಣಿತ, ಮಧ್ಯಾಹ್ನ ಕಪ್ಪೆ ಕೊಯ್ಯುವುದು,
ಸಂಜೆ ಗ್ರಂಥಾಲಯ. ಪುಸ್ತಕ ಮುಟ್ಟುವ ಮುನ್ನ
ಸುತ್ತ ನೋಡಿದೆ, ಯಾರಾದರೂ ಬೈದಾರೇನೋ ಎಂದು.
ಯಾರೂ ಬೈಯಲಿಲ್ಲ. ಅದೇ ವಿಚಿತ್ರವಾಗಿತ್ತು.
ಕೊನೆಯ ದಿನ ಸಾಬೂನು ಕದ್ದೆ.
ಅಮ್ಮ ಅದನ್ನು ಬಳಸಲಿಲ್ಲ, ಬಟ್ಟೆಗಳ ನಡುವೆ ಇಟ್ಟಳು.

ನನ್ನ ಹಾಳೆಯ ಕೆಳಗೆ ಲಿಯೋಟಿಸ್ ಗ್ಯಾಡಿಸನ್.
ಲೆಕ್ಕದಲ್ಲಿ ನನಗಿಂತ ಚುರುಕು.
ಎರಡು ವಾರ ಇದ್ದ. ಮೂರನೇ ಸೋಮವಾರ
ಅವನ ಮಾವ ಬಾಗಿಲಲ್ಲಿ ಟೋಪಿ ತಿರುಗಿಸುತ್ತ ನಿಂತರು,
ಗರಗಸದ ಮಿಲ್ಲಿನಲ್ಲಿ ಜಾಗ ಖಾಲಿಯಾಗಿದೆ ಎಂದರು.
ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಬಿಟ್ಟುಹೋದ.
ಯಾರು ಯಾರನ್ನು ಬಿಟ್ಟದ್ದು, ಅದಕ್ಕೆ ಖಾನೆಯಿಲ್ಲ.

ಮುಂದೆ ಪದವಿ ಪಡೆದು ಇದೇ ಕಚೇರಿಗೆ ಗುಮಾಸ್ತಳಾಗಿ ಬಂದೆ.
ಅಧ್ಯಕ್ಷರು ಬದಲಾದಾಗೆಲ್ಲ ನಮ್ಮ ಉಸಿರು
ವಾಷಿಂಗ್ಟನ್ನಿನ ಬಜೆಟ್ಟಿನ ಅಡಿಟಿಪ್ಪಣಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು.
ಒಂದು ವರ್ಷ ವ್ಯಾನಿಗೆ ಟಯರ್ ಇಲ್ಲ,
ಒಂದು ವರ್ಷ ಬೋಧಕರಿಗೇ ಸಂಬಳವಿಲ್ಲ.
ಮಕ್ಕಳು ಮಾತ್ರ ಪ್ರತಿ ಶನಿವಾರ, ಕೆಸರು ಬೂಟು ಹೊರಗೆ ಬಿಟ್ಟು.
ಎಂಬತ್ತರಲ್ಲಿ ಕಾನೂನು ತಿದ್ದಿದರು.
ಅರ್ಜಿಗೆ ಹೊಸತೊಂದು ಸಾಲು, ಆರನೇ ಪ್ರಶ್ನೆ:
ತಂದೆ ತಾಯಿಯರಲ್ಲಿ ಯಾರಾದರೂ ಪದವೀಧರರೇ?
ಇಲ್ಲ ಎಂದವರಿಗೆ ಬಾಗಿಲು.
ಇಲ್ಲ, ಇಲ್ಲ, ಇಲ್ಲ. ಸಾವಿರಾರು ಸಲ ಟೈಪು ಮಾಡಿದೆ.
ಕಣ್ಣು ಮುಚ್ಚಿದರೂ ಬೆರಳಿಗೆ ಆ ಕೀಲಿಗಳು ಸಿಗುತ್ತಿದ್ದವು.

ತೊಂಬತ್ತೊಂದರಲ್ಲಿ ನನ್ನ ಟವಾನಾ ಬಂದಳು,
ಗೆಳತಿಯರೆಲ್ಲ ಹೋಗುತ್ತಿದ್ದಾರೆ, ನಾನೂ ಹೋಗಬೇಕು.
ಪೆನ್ನು ಕೊಟ್ಟೆ. ಆರನೇ ಪ್ರಶ್ನೆಗೆ ಬಂದು
ನನ್ನ ಮುಖ ನೋಡಿದಳು.
"ಬರಿ," ಎಂದೆ, "ಇದ್ದದ್ದು ಬರಿ."
ಹೌದು ಎಂದು ಬರೆದಳು, ಅನರ್ಹಳಾದಳು, ಅತ್ತಳು.
ನಾನು ಶೌಚಾಲಯದ ಬಾಗಿಲು ಹಾಕಿಕೊಂಡು
ನಲ್ಲಿ ಜೋರಾಗಿ ಬಿಟ್ಟು ನಕ್ಕೆ.
ನಕ್ಕೆ ಅಂದೆನಲ್ಲ, ಪೂರ್ತಿ ನಗುವೂ ಅಲ್ಲ ಅದು.

ಈ ವರ್ಷ ನಮ್ಮ ಅರ್ಜಿ ತಿರಸ್ಕೃತ.
ಕಾರಣ: ಮೂವತ್ತೆಂಟನೇ ಪುಟದ ಕೋಷ್ಟಕದಲ್ಲಿ
ಸಾಲುಗಳ ನಡುವೆ ಬಿಡಬೇಕಾದಷ್ಟು ಅಂತರ ಬಿಟ್ಟಿಲ್ಲ.
ಐವತ್ತು ವರ್ಷ
ಅಂತರ ಕಡಿಮೆ ಮಾಡಲೆಂದೇ ಸಂಬಳ ಪಡೆದವರು ನಾವು,
ಅಭ್ಯಾಸಬಲ ಎಂದುಕೊಳ್ಳಿ.

ಮೇಜಿನ ಮೇಲೆ ಈ ಸಲದ ಹಾಳೆಗಳಿವೆ, ಅರವತ್ತೆರಡು.
ಅದರಲ್ಲೊಂದು ಜನೇಯಾ ಗ್ಯಾಡಿಸನ್, ಹದಿನೈದು ವರ್ಷ,
ಲಿಯೋಟಿಸನ ಮೊಮ್ಮಗಳು.
ಆರನೇ ಪ್ರಶ್ನೆಗೆ ಅವಳ ಇಲ್ಲ ಎಷ್ಟು ದುಂಡಗಿದೆ,
ಬಹುಮಾನಕ್ಕೆ ಬರೆದ ಅಕ್ಷರದ ಹಾಗೆ.

ನಾಳೆ ಲಾರಿ ಬಂದು ಕಪಾಟು ಒಯ್ಯುತ್ತದೆ.
ಶನಿವಾರ ಚರ್ಚಿನ ಹಿಂದಿನ ಕೋಣೆ ಖಾಲಿಯಿದೆಯೇ ಎಂದು
ಪಾದ್ರಿಯನ್ನು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.
ಸೀಮೆಸುಣ್ಣ ಮಾತ್ರ ಕೊಂಡಿಟ್ಟಿದ್ದೇನೆ.